ಹಳೆಯ ಚೈನ್‌ಸಾಗೆ ಮತ್ತೆ ಜೀವ: ಹಗ್ಗ ಎಳೆಯುವ ಮೊದಲಿನ ಕೆಲಸ, ಆಮೇಲಿನ ಕೆಲಸ

ಮೂಲೆಯಲ್ಲಿ ವರ್ಷಗಟ್ಟಲೆ ದೂಳು ತಿಂದು ಬಿದ್ದಿದ್ದ ಚೈನ್‌ಸಾ ಕೈಗೆ ಸಿಕ್ಕಿತೆಂದರೆ, ಟ್ಯಾಂಕಿಗೆ ಒಂದಿಷ್ಟು ಪೆಟ್ರೋಲ್ ಸುರಿದು ಹಗ್ಗ ಎಳೆದೇ ಬಿಡೋಣ ಎನ್ನುವ ಆಸೆಯನ್ನು ತಡೆದುಕೊಳ್ಳುವುದು ಕಷ್ಟ. ನಾಲ್ಕು ಸಲ ಕೆಮ್ಮಿ ಐದನೆಯ ಸಲ ಅದು ಹೊತ್ತಿಕೊಂಡರಂತೂ ರಿಪೇರಿಯೇ ಬೇಕಿಲ್ಲ ಎಂಬ ಭ್ರಮೆ ಹುಟ್ಟುತ್ತದೆ. ನಾನು ಕಂಡಂತೆ ಹಳೆಯ ಗರಗಸಗಳು ತುಕ್ಕಿನಿಂದ ಸಾಯುವುದು ಕಡಿಮೆ, ಈ ಆತುರದಿಂದ ಸಾಯುವುದೇ ಹೆಚ್ಚು. ಸರಿಯಾಗಿ ಓಡುತ್ತಿದ್ದ ಗರಗಸವನ್ನು ಯಾರೂ ಸುಮ್ಮನೆ ಮೂಲೆಗೆ ತಳ್ಳಿರುವುದಿಲ್ಲ. ಅದು ಅಲ್ಲಿಗೆ ಹೋಗಿದ್ದಕ್ಕೆ ಒಂದು ಕಾರಣ ಇದ್ದೇ ಇರುತ್ತದೆ. ಆ ಕಾರಣ ಗೊತ್ತಾಗುವವರೆಗೆ ಎಂಜಿನ್ ಓಡಿಸಬಾರದು ಎಂಬುದೇ ಈ ಲೇಖನದ ಉದ್ದಕ್ಕೂ ನಾನು ಹಿಡಿದಿರುವ ದಾರಿ.

ಇಷ್ಟು ಎಚ್ಚರ ಬೇಕಾಗಿರುವುದು ಎಂಜಿನ್ನಿನ ರಚನೆಯಿಂದಾಗಿ. ಚೈನ್‌ಸಾದ ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ಆಯಿಲ್ ತುಂಬಿಡುವ ಪ್ರತ್ಯೇಕ ಸಂಪ್ ಇರುವುದಿಲ್ಲ. ಪೆಟ್ರೋಲಿಗೆ ಬೆರೆಸಿದ ಆಯಿಲ್ ಪಿಸ್ಟನ್ನಿನ ಕೆಳಗಿನ ಪೆಟ್ಟಿಗೆಯಾದ ಕ್ರ್ಯಾಂಕ್‌ಕೇಸಿನ ಮೂಲಕ ಹಾದುಹೋಗುವಾಗಲೇ ಬೇರಿಂಗಿಗೂ ಪಿಸ್ಟನ್ನಿಗೂ ಜಿಡ್ಡು ಒದಗಬೇಕು. ಶಾಫ್ಟಿನ ಸುತ್ತ ಗಾಳಿ ತಡೆಯುವ ರಬ್ಬರ್ ಸೀಲ್ ಒಂದು ಗಡುಸಾಗಿ ಹೊರಗಿನ ಗಾಳಿ ಒಳನುಸುಳಿದರೆ ಮಿಶ್ರಣ ತೆಳುವಾಗುತ್ತದೆ, ಮೆಕ್ಯಾನಿಕ್‌ಗಳ ಮಾತಿನಲ್ಲಿ ‘ಲೀನ್’ ಆಗುತ್ತದೆ. ಆಗ ಉಷ್ಣ ಏರುವುದೂ ಆಯಿಲ್ ಕಡಿಮೆಯಾಗುವುದೂ ಒಟ್ಟಿಗೇ ನಡೆದು, ಹಿಗ್ಗಿದ ಅಲ್ಯೂಮಿನಿಯಂ ಪಿಸ್ಟನ್ ಸಿಲಿಂಡರಿನ ಗೋಡೆಗೆ ಉಜ್ಜಿಕೊಂಡು ಹರಿದುಹೋಗುತ್ತದೆ. ನನ್ನ ಮೊದಲ ಗರಗಸವನ್ನು ನಾನೇ ಕೊಂದದ್ದು ಹೀಗೆ. ಕಾರ್ಬ್ಯುರೇಟರಿಗೆ ಹೊಸ ಡಯಾಫ್ರಾಮ್ (ಒಳಗಿನ ತೆಳು ಪೊರೆ) ಹಾಕಿದ್ದೆ, ಪ್ಲಗ್ ಬದಲಿಸಿದ್ದೆ, ಗರಗಸವೂ ಭಾರಿ ಚುರುಕಾಗಿ ಕೂಗುತ್ತಿತ್ತು. ಆ ಚುರುಕುತನವೇ ರೋಗದ ಲಕ್ಷಣ ಎಂದು ಆಗ ತಿಳಿದಿರಲಿಲ್ಲ. ಮೂರನೆಯ ದಿಮ್ಮಿಯ ಅರ್ಧದಲ್ಲಿ ಕೂಗು ಇದ್ದಕ್ಕಿದ್ದಂತೆ ಕುಗ್ಗಿತು, ಎಂಜಿನ್ ನಿಂತಿತು, ಹಗ್ಗ ಎಳೆದರೆ ಕಲ್ಲಿನಂತೆ ಬಿಗಿದುಕೊಂಡಿತ್ತು. ಬಿಚ್ಚಿ ನೋಡಿದಾಗ ಸಿಕ್ಕ ಅಪರಾಧಿ ಫ್ಲೈವೀಲ್ ಬದಿಯ ಒಂದು ಸಣ್ಣ ರಬ್ಬರ್ ಸೀಲ್.

ಯಾವ ಗರಗಸಕ್ಕೆ ಶ್ರಮ ಹಾಕಬೇಕು

1960ರ ದಶಕದಿಂದ 1980ರ ದಶಕದವರೆಗಿನ ವೃತ್ತಿಪರ ಗರಗಸಗಳು ದುರಸ್ತಿಗೆ ಒಳ್ಳೆಯ ಅಭ್ಯರ್ಥಿಗಳು. ಸ್ಟಿಲ್ 041 ಮತ್ತು 051, ಹುಸ್ಕ್‌ವರ್ನಾ 61 ಮತ್ತು 266, ಹೋಮ್‌ಲೈಟ್ ಎಕ್ಸ್ಎಲ್-12, ಮೆಕಲಕ್ 10-10 ಮೊದಲಾದವುಗಳ ಕ್ರ್ಯಾಂಕ್‌ಕೇಸು ಮೆಗ್ನೀಷಿಯಂ ಎರಕದ್ದಾಗಿದ್ದು, ಸಾಮಾನ್ಯ ಸಲಕರಣೆಗಳಿಂದಲೇ ಬಿಚ್ಚಿ ಜೋಡಿಸಲು ಬರುತ್ತವೆ. ಸುಮಾರು 106 ಸಿ.ಸಿ.ಯ ಸ್ಟಿಲ್ 070ನಂಥ ದೈತ್ಯಗಳು ಇಂದಿಗೂ ದಪ್ಪ ದಿಮ್ಮಿಗಳನ್ನು ಹಲಗೆ ಕೊಯ್ಯುವ ಕೆಲಸದಲ್ಲಿ ಬೆವರು ಸುರಿಸುತ್ತಿವೆ. ಆದರೆ ಮಾದರಿಯ ಹೆಸರಿಗೆ ಮರುಳಾಗುವ ಮುನ್ನ ಆ ಮಾದರಿಗೆ ಪಿಸ್ಟನ್, ಆಯಿಲ್ ಸೀಲ್ ಮತ್ತು ಕಾರ್ಬ್ಯುರೇಟರ್ ಕಿಟ್ ಈಗಲೂ ಸಿಗುತ್ತವೆಯೇ ಎಂದು ವಿಚಾರಿಸಿ. ಈ ಮೂರು ಸಿಗದ ಗರಗಸ ಎಷ್ಟೇ ಚೆಂದವಿದ್ದರೂ ಗೋಡೆಯ ಅಲಂಕಾರಕ್ಕೇ ಸೈ. ಪಿಸ್ಟನ್ ಹೋಗಿದ್ದರೂ ಸಿಲಿಂಡರ್ ಉಳಿದಿದ್ದರೆ ಆಸೆ ಇದೆ. ಕ್ರ್ಯಾಂಕ್‌ಕೇಸು ಬಿರುಕುಬಿಟ್ಟಿದ್ದರೆ, ಕ್ರ್ಯಾಂಕ್‌ಶಾಫ್ಟನ್ನು ಮೇಲೆ ಕೆಳಗೆ ಅಲುಗಿಸಿದಾಗ ಸಡಿಲ ಕಂಡರೆ, ಅದನ್ನು ಬಿಡಿಭಾಗಗಳಿಗಾಗಿ ಇಟ್ಟುಕೊಂಡು ಇನ್ನೊಂದನ್ನು ಹುಡುಕುವುದು ಜಾಣತನ.

ಮೊದಲ ಹಂತ: ಓಡಿಸದೆ ಒಳಗನ್ನು ನೋಡುವುದು

ಮೊದಲು ಹಗ್ಗವನ್ನು ನಿಧಾನವಾಗಿ, ಅರ್ಧ ಗೇಣಿನಷ್ಟು ಮಾತ್ರ ಎಳೆಯಿರಿ. ಎಂಜಿನ್ ತಿರುಗಲೇ ಇಲ್ಲವೆಂದರೆ ಬಲ ಹಾಕಬೇಡಿ. ಪ್ಲಗ್ ತೆಗೆದು ಆ ರಂಧ್ರದಿಂದ ಎರಡು ಚಮಚದಷ್ಟು ತೆಳು ಆಯಿಲ್ ಮತ್ತು ಸೀಮೆಎಣ್ಣೆಯ ಮಿಶ್ರಣ ಬಿಟ್ಟು ಎರಡು ಮೂರು ದಿನ ಸುಮ್ಮನಿರಿ. ತೇವದಿಂದ ಅಂಟಿಕೊಂಡ ಪಿಸ್ಟನ್ನಾಗಿದ್ದರೆ ಸಾಮಾನ್ಯವಾಗಿ ಬಿಟ್ಟುಕೊಡುತ್ತದೆ.

ತಿರುಗುವ ಎಂಜಿನ್ನಾದರೆ ಮಫ್ಲರನ್ನು (ಸೈಲೆನ್ಸರ್) ಹಿಡಿದಿರುವ ಎರಡು ಮೂರು ಬೋಲ್ಟು ಬಿಚ್ಚಿ ಅದನ್ನು ಕಳಚಿರಿ. ಈಗ ಎಕ್ಸಾಸ್ಟ್ ಕಿಂಡಿಯಿಂದ ಪಿಸ್ಟನ್ನಿನ ಬದಿ ಕಣ್ಣಿಗೆ ಬೀಳುತ್ತದೆ. ಟಾರ್ಚನ್ನು ಓರೆಯಾಗಿ ಹಿಡಿದು, ಫ್ಲೈವೀಲನ್ನು ಬೆರಳಿನಿಂದ ತಿರುಗಿಸುತ್ತಾ ಪಿಸ್ಟನ್ ಮೇಲೆ ಕೆಳಗೆ ಹೋಗುವುದನ್ನು ನೋಡಿ. ಒಳ್ಳೆಯ ಪಿಸ್ಟನ್ನಿನ ಬದಿಯಲ್ಲಿ ಲೇತಿನ ಸೂಕ್ಷ್ಮ ಅಡ್ಡಗೆರೆಗಳು ಇನ್ನೂ ಉಳಿದಿರುತ್ತವೆ, ಬೆಳಕು ಅವುಗಳ ಮೇಲೆ ರೇಷ್ಮೆಯಂತೆ ಹರಿದಾಡುತ್ತದೆ. ಅಡ್ಡಗೆರೆಗಳ ಬದಲು ಮೇಲಿಂದ ಕೆಳಗೆ ಉಗುರು ಸಿಕ್ಕುವಂಥ ಗೀರುಗಳಿದ್ದು, ಪಿಸ್ಟನ್ನಿನ ರಿಂಗ್ ತನ್ನ ತೋಡಿನಲ್ಲಿ ಮೆತ್ತಿಕೊಂಡು ಹೋಗಿದ್ದರೆ ಆ ಗರಗಸ ಏಕೆ ಮೂಲೆ ಸೇರಿತು ಎಂಬುದು ನಿಮಗೆ ತಿಳಿಯಿತು. ಅತಿ ಹೆಚ್ಚು ಬಿಸಿಯಾಗುವುದು ಎಕ್ಸಾಸ್ಟ್ ಬದಿಯೇ ಆದ್ದರಿಂದ ಗಾಯವೂ ಮೊದಲು ಅಲ್ಲಿಯೇ ಕಾಣುತ್ತದೆ. ಸಿಲಿಂಡರಿನ ಒಳಲೇಪನ ಬಹಳ ಗಡುಸು. ಎಷ್ಟೋ ಸಲ ಅದರ ಮೇಲೆ ಗೀರಿನಂತೆ ಕಾಣುವುದು ಪಿಸ್ಟನ್ನಿನಿಂದ ಬಂದು ಮೆತ್ತಿದ ಅಲ್ಯೂಮಿನಿಯಂ ಅಷ್ಟೆ. ಅದನ್ನು ಬಹಳ ನಯವಾದ ಎಮೆರಿ ಕಾಗದದಿಂದ ತಾಳ್ಮೆಯಿಂದ ಉಜ್ಜಿ ತೆಗೆದರೆ ಸಿಲಿಂಡರ್ ಉಳಿಯುತ್ತದೆ, ಹೊಸ ಪಿಸ್ಟನ್ ಮಾತ್ರ ಸಾಕಾಗುತ್ತದೆ. ಲೇಪನವೇ ಎದ್ದುಹೋಗಿ ಕೆಳಗಿನ ಲೋಹ ಕಂಡರೆ ಸಿಲಿಂಡರ್ ಬದಲಿಸದೆ ಗತ್ಯಂತರವಿಲ್ಲ.

ಪಿಸ್ಟನ್ ಚೆನ್ನಾಗಿದ್ದರೆ ಪ್ಲಗ್ಗಿನ ಜಾಗಕ್ಕೆ ಕಂಪ್ರೆಶನ್ ಗೇಜ್ ಕೂರಿಸಿ, ಥ್ರಾಟಲ್ ಪೂರ್ತಿ ಒತ್ತಿ ಹಿಡಿದು, ಮುಳ್ಳು ಏರುವುದು ನಿಲ್ಲುವವರೆಗೆ ಐದಾರು ಸಲ ಹಗ್ಗ ಎಳೆಯಿರಿ. 150 ಪಿ.ಎಸ್.ಐ. (ಚದರ ಇಂಚಿಗೆ ಪೌಂಡ್) ಸುತ್ತಮುತ್ತ ಬಂದರೆ ಎಂಜಿನ್ ಆರೋಗ್ಯವಾಗಿದೆ, 120 ಬಂದರೆ ಕೆಲಸ ನಡೆಯುತ್ತದೆ, 100ಕ್ಕಿಂತ ಕೆಳಗಿದ್ದರೆ ರಿಂಗ್ ಅಥವಾ ಪಿಸ್ಟನ್ ಬದಲಿಸದೆ ಮುಂದಿನ ಯಾವ ಕೆಲಸಕ್ಕೂ ಅರ್ಥವಿಲ್ಲ. ಕಂಪ್ರೆಶನ್ ರಿಲೀಸ್ ಗುಂಡಿ ಇರುವ ಗರಗಸವಾದರೆ ಅದು ಮುಚ್ಚಿಕೊಂಡಿದೆಯೇ ಎಂದು ನೋಡಿಕೊಳ್ಳಿ. ಅದನ್ನು ಮರೆತು ಒಳ್ಳೆಯ ಎಂಜಿನ್ನನ್ನು ಬಿಚ್ಚಿಹಾಕಿದವರಿದ್ದಾರೆ.

ಎರಡನೆಯ ಹಂತ: ಬಿಚ್ಚುವುದು, ತೊಳೆಯುವುದು

ಪ್ರತಿ ಭಾಗ ಕಳಚುವ ಮುನ್ನ ಮೊಬೈಲಿನಲ್ಲಿ ಫೋಟೋ ತೆಗೆಯಿರಿ. ಒಂದು ರಟ್ಟಿನ ಮೇಲೆ ಗರಗಸದ ಆಕಾರವನ್ನು ಒರಟಾಗಿ ಬರೆದು, ತೆಗೆದ ಪ್ರತಿ ಸ್ಕ್ರೂವನ್ನು ಅದರದೇ ಜಾಗದಲ್ಲಿ ರಟ್ಟಿಗೆ ಚುಚ್ಚಿಡುವುದು ನನಗೆ ಫೋಟೋಗಿಂತ ಹೆಚ್ಚು ಉಪಕಾರ ಮಾಡಿದೆ, ಏಕೆಂದರೆ ಒಂದೇ ದಪ್ಪದ ಸ್ಕ್ರೂಗಳಲ್ಲಿ ಎರಡು ಮಿಲಿಮೀಟರ್ ಉದ್ದದ್ದನ್ನು ತಪ್ಪು ರಂಧ್ರಕ್ಕೆ ತಿರುಗಿಸಿದರೆ ಅದು ಒಳಗಿನ ಇನ್ನೊಂದು ಭಾಗವನ್ನು ಒತ್ತಿ ಒಡೆಯಬಲ್ಲದು.

ಬಾಯಿಗಳನ್ನೆಲ್ಲ ಬಟ್ಟೆ ತುರುಕಿ ಮುಚ್ಚಿದ ಮೇಲೆ ಸೀಮೆಎಣ್ಣೆ ಮತ್ತು ಬ್ರಷ್‌ನಿಂದ ಜಿಡ್ಡು ತೊಳೆಯಿರಿ. ಕಾಸ್ಟಿಕ್ ಸೋಡ ಇರುವ ದ್ರಾವಣ ಅಲ್ಯೂಮಿನಿಯಮ್ಮನ್ನು ತಿನ್ನುತ್ತದೆ, ಆಮ್ಲ ಮೆಗ್ನೀಷಿಯಮ್ಮನ್ನು ತಿನ್ನುತ್ತದೆ. ಆದ್ದರಿಂದ ಎರಡೂ ಬೇಡ. ಸಿಲಿಂಡರಿನ ರೆಕ್ಕೆಗಳ ನಡುವೆ ಹೊಟ್ಟು ಮತ್ತು ಆಯಿಲ್ ಸೇರಿ ಗಟ್ಟಿಯಾದ ಕೊಳೆಯನ್ನು ಮರದ ಕಡ್ಡಿಯಿಂದ ಪೂರ್ತಿ ಕೆರೆದು ತೆಗೆಯಿರಿ, ಏಕೆಂದರೆ ಎಂಜಿನ್ ತಣಿಯುವುದು ಆ ಸಂದುಗಳಲ್ಲಿ ಹರಿಯುವ ಗಾಳಿಯಿಂದಲೇ.

ಮೂರನೆಯ ಹಂತ: ಕಿಡಿ

ಹೊಸ ಪ್ಲಗ್ಗಿನ ತುದಿಯ ಅಂತರವನ್ನು 0.5 ಮಿ.ಮೀ.ಗೆ ಇಟ್ಟು, ಅದರ ಲೋಹದ ಭಾಗವನ್ನು ಪ್ಲಗ್ ರಂಧ್ರದಿಂದ ದೂರದಲ್ಲಿ ಸಿಲಿಂಡರಿಗೆ ತಾಗಿಸಿ ಹಗ್ಗ ಎಳೆದಾಗ ನೀಲಿ ಕಿಡಿ ಚಟ್ಟೆಂದು ಸಿಡಿಯಬೇಕು. ಕಿಡಿ ಬಾರದಿದ್ದರೆ ಮೊದಲು ಸ್ವಿಚ್ಚಿಗೆ ಹೋಗುವ ತಂತಿಯನ್ನು ಕಳಚಿ ಮತ್ತೆ ನೋಡಿ. ನಿರೋಧಕ ಕಿತ್ತುಹೋದ ಈ ಒಂದು ತಂತಿ ಮೈಗೆ ತಾಗಿಕೊಂಡು ಕಿಡಿಯನ್ನು ನುಂಗುವುದು ತೀರಾ ಸಾಮಾನ್ಯ. ಎಲೆಕ್ಟ್ರಾನಿಕ್ ಇಗ್ನಿಶನ್ ಬರುವುದಕ್ಕೆ ಮುಂಚಿನ ಗರಗಸಗಳಲ್ಲಿ ಫ್ಲೈವೀಲಿನ ಕೆಳಗೆ ಕಾಂಟ್ಯಾಕ್ಟ್ ಪಾಯಿಂಟ್‌ಗಳಿರುತ್ತವೆ. ಅವುಗಳ ಮುಖವನ್ನು 600 ನಂಬರಿನ ಕಾಗದದಿಂದ ಉಜ್ಜಿ, ಸ್ಪಿರಿಟ್ ತೇವದ ಬಿಳಿ ಕಾಗದವನ್ನು ನಡುವೆ ಎಳೆದು ಶುಚಿಗೊಳಿಸಿ, ಪೂರ್ತಿ ತೆರೆದಾಗ ಅಂತರ 0.35ರಿಂದ 0.4 ಮಿ.ಮೀ. ಇರುವಂತೆ ಹೊಂದಿಸಿ.

ಫ್ಲೈವೀಲ್ ತೆಗೆಯಲು ಶಾಫ್ಟಿನ ತುದಿಗೆ ಸುತ್ತಿಗೆಯಿಂದ ಹೊಡೆಯಬೇಡಿ, ಪುಲ್ಲರ್ ಬಳಸಿ. ಎಂಜಿನ್ ತಿರುಗದಂತೆ ತಡೆಯಲು, ಪಿಸ್ಟನ್ ಎಕ್ಸಾಸ್ಟ್ ಕಿಂಡಿಯನ್ನು ದಾಟಿ ಮೇಲೇರಿದ ನಂತರ ಪ್ಲಗ್ ರಂಧ್ರದಿಂದ ಮೆತ್ತನೆಯ ಹಗ್ಗವನ್ನು ಒಳಗೆ ತುಂಬುವುದು ಸುರಕ್ಷಿತ ಉಪಾಯ. ಕ್ಲಚ್ ಬಿಚ್ಚುವಾಗಲೂ ಇದೇ ಹಗ್ಗ ನೆರವಿಗೆ ಬರುತ್ತದೆ. ಹೆಚ್ಚಿನ ಗರಗಸಗಳಲ್ಲಿ ಕ್ಲಚ್ಚಿನದು ಎಡ ತಿರುಪು, ಅಂದರೆ ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸಿದರೆ ಬಿಚ್ಚಿಕೊಳ್ಳುತ್ತದೆ. ಇದು ಗೊತ್ತಿಲ್ಲದೆ ಬಿಚ್ಚುತ್ತಿದ್ದೇನೆಂದುಕೊಂಡು ಬಿಗಿಸುತ್ತಾ ಹೋಗುವುದು ಎಲ್ಲರೂ ಒಮ್ಮೆ ಮಾಡುವ ತಪ್ಪು. ಮರಳಿ ಜೋಡಿಸುವಾಗ ಫ್ಲೈವೀಲಿನ ಅಯಸ್ಕಾಂತಕ್ಕೂ ಕಾಯಿಲಿಗೂ ನಡುವೆ ಸುಮಾರು 0.25 ಮಿ.ಮೀ. ಅಂತರ ಇರಬೇಕು. ಒಂದು ವಿಸಿಟಿಂಗ್ ಕಾರ್ಡನ್ನು ನಡುವೆ ಇಟ್ಟು, ಅಯಸ್ಕಾಂತ ಕಾಯಿಲನ್ನು ತಾನಾಗಿ ಸೆಳೆದುಕೊಂಡಾಗ ಸ್ಕ್ರೂ ಬಿಗಿಸಿ ಕಾರ್ಡನ್ನು ಎಳೆದುಬಿಟ್ಟರೆ ಸಾಕು.

ನಾಲ್ಕನೆಯ ಹಂತ: ಗಾಳಿ ಸೋರಿಕೆ

ನನ್ನ ಮಟ್ಟಿಗೆ ಇಡೀ ದುರಸ್ತಿಯ ಹೃದಯ ಇದೇ, ಹೆಚ್ಚಿನವರು ಬಿಟ್ಟುಬಿಡುವ ಹಂತವೂ ಇದೇ. ಮಫ್ಲರಿನ ಜಾಗದಲ್ಲಿ ಹಳೆಯ ಟ್ಯೂಬಿನ ರಬ್ಬರ್ ತುಂಡೊಂದನ್ನು ಇಟ್ಟು ಮಫ್ಲರನ್ನು ಬಿಗಿಸಿದರೆ ಎಕ್ಸಾಸ್ಟ್ ಮುಚ್ಚಿಕೊಳ್ಳುತ್ತದೆ. ಕಾರ್ಬ್ಯುರೇಟರನ್ನು ಕಳಚಿ ಅದರ ಜಾಗವನ್ನೂ ಹೀಗೆಯೇ ಮುಚ್ಚಿ. ಕ್ರ್ಯಾಂಕ್‌ಕೇಸಿನ ಒತ್ತಡದ ಏರಿಳಿತವನ್ನು ಕಾರ್ಬ್ಯುರೇಟರಿಗೆ ಮುಟ್ಟಿಸುವ ಇಂಪಲ್ಸ್ ಕೊಳವೆ ಇದ್ದಲ್ಲಿ ಅದಕ್ಕೆ, ಇಲ್ಲದಿದ್ದರೆ ಪ್ಲಗ್ ರಂಧ್ರಕ್ಕೆ ಒಂದು ಅಡಾಪ್ಟರ್ ಹಾಕಿ, ಗೇಜ್ ಇರುವ ಕೈಪಂಪನ್ನು ಜೋಡಿಸಿ. ಅರ್ಧ ಬಾರ್, ಎಂದರೆ ಸುಮಾರು 7 ಪಿ.ಎಸ್.ಐ. ಒತ್ತಡ ಕೊಟ್ಟು ಮುಳ್ಳನ್ನು ಗಮನಿಸಿ. ಅರ್ಧ ನಿಮಿಷವಾದರೂ ಅದು ಕದಲಬಾರದು. ಇಳಿಯುತ್ತಿದ್ದರೆ ಸೋಪಿನ ನೀರನ್ನು ಎರಡೂ ಬದಿಯ ಸೀಲ್‌ಗಳಿಗೆ, ಸಿಲಿಂಡರಿನ ಬುಡಕ್ಕೆ, ಇನ್‌ಟೇಕ್ ರಬ್ಬರಿಗೆ, ಕ್ರ್ಯಾಂಕ್‌ಕೇಸಿನ ಎರಡು ಹೋಳು ಸೇರುವ ಗೆರೆಗೆ ಹಚ್ಚಿ. ಗುಳ್ಳೆ ಎದ್ದಲ್ಲಿ ಸೋರಿಕೆಯಿದೆ.

ಒತ್ತಡದ ಪರೀಕ್ಷೆಯಲ್ಲಿ ಗೆದ್ದರೂ ನಿರ್ವಾತದ ಪರೀಕ್ಷೆ ತಪ್ಪಿಸಬೇಡಿ. ಸೀಲಿನ ತುಟಿ ಒಳಗಿನ ಒತ್ತಡಕ್ಕೆ ಶಾಫ್ಟನ್ನು ಅಪ್ಪಿಕೊಂಡು ಹಿಡಿದಿದ್ದರೂ, ಒಳಗಿನಿಂದ ಎಳೆದಾಗ ಬಿಟ್ಟುಕೊಡುವುದುಂಟು. ಓಡುವ ಎಂಜಿನ್ನಿನಲ್ಲಿ ಎರಡೂ ಸ್ಥಿತಿಗಳು ಪ್ರತಿ ಸುತ್ತಿನಲ್ಲೂ ಬಂದುಹೋಗುತ್ತವೆ. ಪಂಪನ್ನು ತಿರುಗಿಸಿ ಅರ್ಧ ಬಾರ್ ನಿರ್ವಾತ ಎಳೆದು, ಫ್ಲೈವೀಲನ್ನು ನಿಧಾನವಾಗಿ ಒಂದೆರಡು ಸುತ್ತು ತಿರುಗಿಸುತ್ತಾ ಮುಳ್ಳನ್ನು ನೋಡಿ. ನನ್ನ ಆ ಮೊದಲ ಗರಗಸಕ್ಕೆ ಈ ಒಂದು ಪರೀಕ್ಷೆ ಮಾಡಿದ್ದರೆ ಕಾಲು ಗಂಟೆಯಲ್ಲಿ ಉತ್ತರ ಸಿಗುತ್ತಿತ್ತು.

ಹಳೆಯ ಸೀಲನ್ನು ಕೊಕ್ಕೆಯಿಂದ ಎಬ್ಬಿಸುವಾಗ ಶಾಫ್ಟಿಗೆ ಗೀರು ಬಿದ್ದರೆ ಹೊಸ ಸೀಲ್ ಕೂಡ ಸೋರುತ್ತದೆ, ಆದ್ದರಿಂದ ಕೈ ಜಾರದಂತೆ ನೋಡಿಕೊಳ್ಳಿ. ಹೊಸದರ ತುಟಿಗೆ ಆಯಿಲ್ ಸವರಿ, ಸರಿಯಾದ ಅಳತೆಯ ಸಾಕೆಟ್ಟನ್ನು ಅದರ ಮೇಲಿಟ್ಟು ಸಮನಾಗಿ ತಟ್ಟಿ ಕೂರಿಸಿ. ಮೂವತ್ತು ವರ್ಷ ದಾಟಿದ ಗರಗಸವಾದರೆ ಪರೀಕ್ಷೆಯಲ್ಲಿ ಗೆದ್ದಿದ್ದರೂ ನಾನು ಸೀಲ್‌ಗಳನ್ನು ಬದಲಿಸಿಯೇ ಬಿಡುತ್ತೇನೆ. ಹೇಗೂ ಬಿಚ್ಚಿ ಆಗಿದೆಯಲ್ಲ.

ಐದನೆಯ ಹಂತ: ಇಂಧನದ ದಾರಿ

ಟ್ಯಾಂಕಿನಿಂದ ಕಾರ್ಬ್ಯುರೇಟರಿಗೆ ಬರುವ ರಬ್ಬರ್ ಪೈಪ್ ಮತ್ತು ಅದರ ತುದಿಯ ಫಿಲ್ಟರನ್ನು ಪರೀಕ್ಷೆಯೇ ಇಲ್ಲದೆ ಬದಲಿಸಿ. ಎಥನಾಲ್ ಬೆರೆತ ಪೆಟ್ರೋಲಿಗೆ ಹಳೆಯ ರಬ್ಬರ್ ತಾಳುವುದಿಲ್ಲ, ಹೊರಗೆ ಚೆನ್ನಾಗಿ ಕಂಡರೂ ಬಗ್ಗಿಸಿದಾಗ ಸಣ್ಣ ಬಿರುಕುಗಳು ಬಾಯಿ ತೆರೆಯುತ್ತವೆ. ಈ ಗರಗಸಗಳ ಕಾರ್ಬ್ಯುರೇಟರ್ ಸಾಮಾನ್ಯವಾಗಿ ಟಿಲಟ್‌ಸನ್, ವಾಲ್‌ಬ್ರೋ ಅಥವಾ ಝಾಮಾ ತಯಾರಿಕೆಯದು. ಮೈಮೇಲೆ ಅಚ್ಚಾದ ಅಕ್ಷರ ಮತ್ತು ಸಂಖ್ಯೆಯನ್ನು ಗುರುತು ಹಾಕಿಕೊಂಡರೆ ಸರಿಯಾದ ಕಿಟ್ ಸಿಗುತ್ತದೆ. ಒಳಗಿನ ಡಯಾಫ್ರಾಮ್ ಮೆತ್ತಗೆ, ಬೆರಳು ತಾಗಿದರೆ ಬಳುಕುವಂತಿರಬೇಕು. ಅದು ಒಣಗಿದ ಎಲೆಯಂತೆ ಸದ್ದು ಮಾಡಿದರೆ ಕೆಲಸ ಮುಗಿದಿದೆ ಎಂದರ್ಥ. ಸೂಜಿಯನ್ನು ಎತ್ತುವ ಪುಟ್ಟ ಸನ್ನೆಯ ಎತ್ತರ ಮಾದರಿಯಿಂದ ಮಾದರಿಗೆ ಬದಲಾಗುತ್ತದೆ, ಕಿಟ್ಟಿನ ಅಳತೆಯನ್ನೇ ಅನುಸರಿಸಿ. ಗ್ಯಾಸ್ಕೆಟ್ ಮತ್ತು ಡಯಾಫ್ರಾಮ್ ಯಾವುದು ಮೊದಲು ಯಾವುದು ಆಮೇಲೆ ಎಂಬ ಕ್ರಮ ತಪ್ಪಿದರೆ ಎಂಜಿನ್ ಹೊತ್ತಿಕೊಳ್ಳುವುದೇ ಇಲ್ಲ, ಬಿಚ್ಚುವಾಗ ತೆಗೆದ ಫೋಟೋ ಇಲ್ಲಿ ಬೇಕಾಗುತ್ತದೆ. ರಂಧ್ರಗಳಿಗೆ ತಂತಿ ಚುಚ್ಚಬೇಡಿ, ಸ್ವಚ್ಛಗೊಳಿಸುವ ಸ್ಪ್ರೇ ಮತ್ತು ಗಾಳಿ ಸಾಕು.

ಟ್ಯಾಂಕಿನ ಗಾಳಿಕಿಂಡಿಯನ್ನು ಎಲ್ಲರೂ ಮರೆಯುತ್ತಾರೆ. ಅದು ಕಟ್ಟಿಕೊಂಡರೆ ಗರಗಸ ಹತ್ತು ನಿಮಿಷ ಚೆನ್ನಾಗಿ ಓಡಿ ನಿಂತುಹೋಗುತ್ತದೆ, ಮುಚ್ಚಳ ಸಡಿಲಿಸಿದಾಗ ಉಸ್ಸೆಂದು ಗಾಳಿ ಒಳಗೆಳೆದುಕೊಂಡು ಮತ್ತೆ ಓಡುತ್ತದೆ.

ಆರನೆಯ ಹಂತ: ಬಾರ್, ಚೈನ್, ಹರಿತ

ಎಂಜಿನ್ನಿಗೆ ವಾರಗಟ್ಟಲೆ ದುಡಿದವರು ಚೈನಿಗೆ ಅರ್ಧ ಗಂಟೆಯನ್ನೂ ಕೊಡದಿರುವುದನ್ನು ನೋಡಿದ್ದೇನೆ. ಮೊಂಡು ಚೈನು ಒಳ್ಳೆಯ ಎಂಜಿನ್ನನ್ನೂ ಸುಸ್ತು ಮಾಡುತ್ತದೆ. 1947ರಲ್ಲಿ ಜೋಸೆಫ್ ಕಾಕ್ಸ್ ಮಾರುಕಟ್ಟೆಗೆ ತಂದ ಚಿಪ್ಪರ್ ಚೈನ್ ಮರ ಕೊರೆಯುವ ಹುಳುವಿನ ಮರಿಯ ದವಡೆಯನ್ನು ನೋಡಿ ಕಲಿತದ್ದು. ಎಡಕ್ಕೊಂದು ಬಲಕ್ಕೊಂದು ಬಾಗಿದ ಹಲ್ಲುಗಳು ಮರವನ್ನು ಹೆರೆಯುತ್ತಾ ಸಾಗುವ ಆ ತತ್ತ್ವವೇ ಇಂದಿನ ಚೈನುಗಳಲ್ಲೂ ಇದೆ.

ಹಳೆಯ ಗರಗಸಕ್ಕೆ ಚೈನ್ ಕೊಳ್ಳುವ ಮುನ್ನ ಪಿಚ್ ಅಳೆಯಿರಿ. ಸಾಲಾಗಿರುವ ಮೂರು ರಿವೆಟ್‌ಗಳ ಮೊದಲನೆಯದರ ನಡುವಿನಿಂದ ಮೂರನೆಯದರ ನಡುವಿಗೆ ಇರುವ ದೂರದ ಅರ್ಧವೇ ಪಿಚ್. ಆ ದೂರ 19 ಮಿ.ಮೀ. ಬಂದರೆ 3/8 ಇಂಚು, 16.5 ಮಿ.ಮೀ. ಬಂದರೆ 0.325 ಇಂಚು, 20.5 ಮಿ.ಮೀ. ಬಂದರೆ 0.404 ಇಂಚು. ಚೈನ್ ಸುತ್ತುವ ಉದ್ದನೆಯ ಪಟ್ಟಿಯಾದ ಬಾರಿನ ತೋಡಿನೊಳಗೆ ಕೂರುವ ಕೊಂಡಿಯ ದಪ್ಪ ಬೇರೆಯೇ ಅಳತೆ. ಅದು ಸಾಮಾನ್ಯವಾಗಿ 1.3, 1.5 ಅಥವಾ 1.6 ಮಿ.ಮೀ. ಇರುತ್ತದೆ. ಚೈನ್, ಬಾರಿನ ಮೂಗಿನ ಚಕ್ರ ಮತ್ತು ಕ್ಲಚ್ಚಿನ ಸ್ಪ್ರಾಕೆಟ್ (ಚೈನ್ ಎಳೆಯುವ ಹಲ್ಲುಚಕ್ರ), ಈ ಮೂರರ ಪಿಚ್ ಒಂದೇ ಆಗಿರಬೇಕು. ಸ್ಪ್ರಾಕೆಟ್ಟಿನಲ್ಲಿ ಅರ್ಧ ಮಿಲಿಮೀಟರಿಗಿಂತ ಆಳದ ಸವೆತ ಕಂಡರೆ ಅದನ್ನೂ ಬದಲಿಸಿ, ಇಲ್ಲದಿದ್ದರೆ ಹೊಸ ಚೈನು ಕೆಲವೇ ದಿನಗಳಲ್ಲಿ ಹಳೆಯದರಂತೆ ಹಿಗ್ಗುತ್ತದೆ.

ಬಾರಿನ ಅಂಚಿನಲ್ಲಿ ಹೊರಚಾಚಿದ ಕೂರನ್ನು ಚಪ್ಪಟೆ ಅರದಿಂದ ತೆಗೆದು, ತೋಡಿನ ಕೊಳೆಯನ್ನು ಹೆರೆದು, ಆಯಿಲ್ ಬರುವ ರಂಧ್ರವನ್ನು ತೆರವು ಮಾಡಿ. ಬಾರನ್ನು ಆಗಾಗ ಮೇಲು ಕೆಳಗು ಮಾಡಿ ಹಾಕಿದರೆ ಎರಡೂ ಅಂಚು ಸಮನಾಗಿ ಸವೆಯುತ್ತವೆ.

ಹರಿತ ಮಾಡಲು ದುಂಡು ಅರದ ಅಳತೆ ಚೈನಿಗೆ ಹೊಂದಬೇಕು: 0.325ಕ್ಕೆ 4.8 ಮಿ.ಮೀ., 3/8ಕ್ಕೆ 5.2 ಅಥವಾ 5.5 ಮಿ.ಮೀ., 0.404ಕ್ಕೆ 5.5 ಮಿ.ಮೀ. ಬಾರನ್ನು ವೈಸಿಗೆ ಬಿಗಿದು, ಅರವನ್ನು ಹಲ್ಲಿನ ಒಳಬದಿಯಿಂದ ಹೊರಬದಿಗೆ ಮಾತ್ರ, ಸುಮಾರು 30 ಡಿಗ್ರಿ ಕೋನದಲ್ಲಿ ದೂಡಿ. ಹಿಂದಕ್ಕೆ ಎಳೆಯುವಾಗ ಎತ್ತಿಬಿಡಿ. ಅರದ ದಪ್ಪದ ಐದರಲ್ಲಿ ಒಂದು ಪಾಲು ಹಲ್ಲಿನ ಮೇಲ್ತಟ್ಟೆಗಿಂತ ಮೇಲೆ ಕಾಣುತ್ತಿದ್ದರೆ ಎತ್ತರ ಸರಿಯಾಗಿದೆ. ಹಲ್ಲಿನ ತುದಿಯಲ್ಲಿ ಬೆಳಕು ಬಿದ್ದು ಹೊಳೆಯುವ ಬಿಳಿಗೆರೆ ಇನ್ನೂ ಇದ್ದರೆ ಅದು ಮೊಂಡುತನದ ಗುರುತು. ನಿಜವಾಗಿ ಹರಿತವಾದ ಅಂಚು ಬೆಳಕನ್ನು ಹಿಂತಿರುಗಿಸುವುದಿಲ್ಲ. ಒಂದು ಬದಿಯ ಹಲ್ಲುಗಳು ಗಿಡ್ಡವಾದರೆ ಗರಗಸ ಕೊಯ್ಯುತ್ತಾ ಓರೆ ಸಾಗುತ್ತದೆ, ಆದ್ದರಿಂದ ಅತಿ ಗಿಡ್ಡ ಹಲ್ಲಿನ ಉದ್ದಕ್ಕೆ ಉಳಿದವನ್ನೆಲ್ಲ ಇಳಿಸಬೇಕು. ಪ್ರತಿ ಹಲ್ಲಿನ ಮುಂದಿರುವ ರೇಕರ್ ಎಂಬ ಗುಬುಟು ಹಲ್ಲು ಎಷ್ಟು ಆಳ ಕಚ್ಚಬೇಕೆಂಬುದನ್ನು ನಿರ್ಧರಿಸುತ್ತದೆ, ಅದು ಹಲ್ಲಿಗಿಂತ ಸುಮಾರು 0.65 ಮಿ.ಮೀ. ಕೆಳಗಿರಬೇಕು. ಇದನ್ನು ಗೇಜ್ ಇಟ್ಟೇ ಇಳಿಸಿ. ಹೆಚ್ಚು ಇಳಿಸಿದ ಚೈನ್ ದುರಾಸೆಯಿಂದ ಕಚ್ಚಿ ಗರಗಸವನ್ನೇ ಒದೆಯುವಂತೆ ಮಾಡುತ್ತದೆ. ಕೊಯ್ದಾಗ ಉದ್ದನೆಯ ಚಕ್ಕೆಗಳು ಉದುರಿದರೆ ಕೆಲಸ ಚೆನ್ನಾಗಿದೆ, ಹಿಟ್ಟಿನಂಥ ಹೊಟ್ಟು ಬಂದರೆ ಮತ್ತೆ ಅರ ಕೈಗೆತ್ತಿಕೊಳ್ಳಿ.

ಏಳನೆಯ ಹಂತ: ಮಿಶ್ರಣ, ಮೊದಲ ಓಟ, ಟ್ಯೂನಿಂಗ್

ಹಳೆಯ ಗರಗಸದ ಮೇಲೆ 16:1 ಅಥವಾ 20:1 ಎಂದು ಬರೆದಿರುವುದು ಆ ಕಾಲದ ಆಯಿಲಿಗೆ ಹೇಳಿದ ಮಾತು. ಜಾಸೋ ಎಫ್‌ಡಿ ಎಂಬ ಜಪಾನಿ ಗುಣಮಟ್ಟದ ದರ್ಜೆಯ ಇಂದಿನ ಟೂ ಸ್ಟ್ರೋಕ್ ಆಯಿಲ್ ಬಳಸಿದರೆ ಅಷ್ಟು ಬೇಕಿಲ್ಲ. ಹಳೆಯ ಎಂಜಿನ್ನುಗಳಿಗೆ ನಾನು 40:1 ಇಟ್ಟುಕೊಳ್ಳುತ್ತೇನೆ, ಎಂದರೆ 5 ಲೀಟರ್ ಪೆಟ್ರೋಲಿಗೆ 125 ಮಿಲಿಲೀಟರ್ ಆಯಿಲ್. ಹಲಗೆ ಕೊಯ್ಯುವಂಥ ಭಾರಿ ಕೆಲಸವಿದ್ದರೆ 32:1. ಕಾರಿನ ಎಂಜಿನ್ ಆಯಿಲನ್ನಾಗಲಿ ದೋಣಿ ಎಂಜಿನ್ನಿನ ಆಯಿಲನ್ನಾಗಲಿ ಬಳಸಬೇಡಿ. ಬೆರೆಸಿದ ಪೆಟ್ರೋಲನ್ನು ಒಂದು ತಿಂಗಳಿಗಿಂತ ಹೆಚ್ಚು ಇಡಬೇಡಿ.

ಕಾರ್ಬ್ಯುರೇಟರಿನ ಎಲ್ (ಕಡಿಮೆ ವೇಗದ) ಮತ್ತು ಎಚ್ (ಹೆಚ್ಚು ವೇಗದ) ಸ್ಕ್ರೂಗಳನ್ನು ಮೃದುವಾಗಿ ಕೊನೆಯವರೆಗೆ ಮುಚ್ಚಿ, ಆಮೇಲೆ ಎರಡನ್ನೂ ಒಂದೊಂದು ಸುತ್ತು ತೆರೆಯುವುದು ಸಾಮಾನ್ಯ ಆರಂಭ. ಬಾರ್ ಮತ್ತು ಚೈನ್ ಹಾಕಿಯೇ ಟ್ಯೂನ್ ಮಾಡಬೇಕು, ಅದೂ ಬಯಲಿನಲ್ಲಿ, ಏಕೆಂದರೆ ಮುಚ್ಚಿದ ಕೋಣೆಯಲ್ಲಿ ಹೊಗೆಯ ಕಾರ್ಬನ್ ಮಾನಾಕ್ಸೈಡ್ ಪ್ರಾಣಕ್ಕೆ ಅಪಾಯ. ಗರಗಸವನ್ನು ನೆಲದ ಮೇಲಿಟ್ಟು, ಹಿಂದಿನ ಹಿಡಿಕೆಯೊಳಗೆ ಬಲಗಾಲಿನ ತುದಿ ಇಟ್ಟು, ಎಡಗೈಯಿಂದ ಮುಂದಿನ ಹಿಡಿಕೆಯನ್ನು ನೆಲಕ್ಕೆ ಒತ್ತಿ ಹಿಡಿದು ಹಗ್ಗ ಎಳೆಯಿರಿ. ಎಂಜಿನ್ ಬಿಸಿಯಾದ ಮೇಲೆ ಎಲ್ ಸ್ಕ್ರೂವನ್ನು ಐಡ್ಲಿಂಗ್ ಅತಿ ವೇಗವಾಗುವ ಜಾಗಕ್ಕೆ ತಂದು, ಅಲ್ಲಿಂದ ತುಸು ಹೊರಕ್ಕೆ ತಿರುಗಿಸಿ. ಥ್ರಾಟಲ್ ಒತ್ತಿದಾಗ ತಡವರಿಸದೆ ಏಳಬೇಕು. ಐಡ್ಲಿಂಗಿನಲ್ಲಿ ಚೈನ್ ತಿರುಗುತ್ತಿದ್ದರೆ ಐಡ್ಲಿಂಗ್ ಸ್ಕ್ರೂ ಇಳಿಸಿ.

ಎಚ್ ಸ್ಕ್ರೂ ಹೊಂದಿಸುವುದು ಕಿವಿಯ ಕೆಲಸ. ಕೆಲವೇ ಸೆಕೆಂಡು ಪೂರ್ತಿ ಥ್ರಾಟಲ್ ಒತ್ತಿ ಕೇಳಿ. ದನಿ ಕೀರಲಾಗಿ, ಎಣ್ಣೆ ಹಚ್ಚಿದಂತೆ ನಯವಾಗಿ ಏರುತ್ತಾ ಹೋದರೆ ಮಿಶ್ರಣ ತೆಳುವಾಗಿದೆ. ಸ್ಕ್ರೂವನ್ನು ಸ್ವಲ್ಪಸ್ವಲ್ಪವೇ ಹೊರಕ್ಕೆ ತಿರುಗಿಸಿದಂತೆ ಒಂದು ಹಂತದಲ್ಲಿ ದನಿಯೊಳಗೆ ಗುಳುಗುಳು ಎಂಬ ಒರಟುತನ ಸೇರಿಕೊಳ್ಳುತ್ತದೆ. ಆ ಒರಟುತನ ಖಾಲಿ ಓಟದಲ್ಲಿ ಇರಬೇಕು, ಬಾರನ್ನು ಮರಕ್ಕೆ ಇಳಿಸಿದೊಡನೆ ಮಾಯವಾಗಿ ದನಿ ತಿಳಿಯಾಗಬೇಕು. ಎತ್ತಿದೊಡನೆ ಮತ್ತೆ ಬರಬೇಕು. ಸರಿಯಾದ ಜಾಗ ಅದು. ಥ್ರಾಟಲ್ ಬಿಟ್ಟ ಮೇಲೂ ವೇಗ ಇಳಿಯಲು ತಡವಾದರೆ, ಗರಗಸವನ್ನು ಓರೆ ಮಾಡಿದಾಗ ಐಡ್ಲಿಂಗ್ ಏರಿಳಿದರೆ ಸ್ಕ್ರೂ ಜೊತೆ ಗುದ್ದಾಡಬೇಡಿ, ಆಫ್ ಮಾಡಿ ನಾಲ್ಕನೆಯ ಹಂತಕ್ಕೆ ಮರಳಿ. ಬಾರಿನ ಮೂಗನ್ನು ತಿಳಿಬಣ್ಣದ ಹಲಗೆಯಿಂದ ಒಂದು ಗೇಣು ದೂರ ಹಿಡಿದು ಥ್ರಾಟಲ್ ಕೊಟ್ಟಾಗ ಆಯಿಲಿನ ಗೆರೆ ಮೂಡಿದರೆ ಚೈನಿಗೆ ಆಯಿಲ್ ತಲುಪುತ್ತಿದೆ.

ಬಳಸುವಾಗ

ಬಾರಿನ ಮೂಗಿನ ಮೇಲಿನ ಕಾಲು ಭಾಗ ಯಾವುದಕ್ಕಾದರೂ ತಾಗಿದರೆ ಗರಗಸ ಕಣ್ಣು ಮಿಟುಕಿಸುವಷ್ಟರಲ್ಲಿ ಮೇಲಕ್ಕೆ, ಮುಖದತ್ತ ಒದೆಯುತ್ತದೆ. ಇದನ್ನು ತಡೆಯುವ ಚೈನ್ ಬ್ರೇಕ್ ಸಾಮಾನ್ಯವಾದದ್ದು 1970ರ ದಶಕದಿಂದ ಈಚೆಗೆ. ಅದಕ್ಕಿಂತ ಹಳೆಯ ಗರಗಸದಲ್ಲಿ ನಿಮ್ಮ ಎಡಗೈಯ ಹಿಡಿತವೇ ಬ್ರೇಕು. ಬ್ರೇಕ್ ಇದ್ದರೆ ಕೆಲಸದ ಮುನ್ನ ಪ್ರತಿ ಸಲ ಪರೀಕ್ಷಿಸಿ. ಇಲ್ಲದಿದ್ದರೆ, ನೆಲದ ಮೇಲೆ ಸ್ಥಿರವಾಗಿ ಮಲಗಿರುವ ದಿಮ್ಮಿಗಳನ್ನು ಕೊಯ್ಯಲು ಮಾತ್ರ ಅದನ್ನು ಬಳಸಬೇಕು, ಒದೆತ ಕಡಿಮೆ ಮಾಡುವ ಚೈನ್ ಹಾಕಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಮರ ಉರುಳಿಸಲು, ಕೊಂಬೆ ಸವರಲು, ಭುಜದ ಮಟ್ಟಕ್ಕಿಂತ ಮೇಲೆತ್ತಲು ಅದು ತಕ್ಕುದಲ್ಲ. ಎಡಗೈ ಹೆಬ್ಬೆರಳು ಮುಂದಿನ ಹಿಡಿಕೆಯನ್ನು ಕೆಳಗಿನಿಂದ ಸುತ್ತಿರಲಿ, ತಲೆ ಮತ್ತು ದೇಹ ಬಾರಿನ ನೇರದಿಂದ ಎಡಕ್ಕಿರಲಿ.

ಮುಖಕವಚವಿರುವ ಹೆಲ್ಮೆಟ್, ಚೈನ್ ತಡೆಯುವ ಪದರಗಳಿರುವ ಕಾಲುಡುಗೆ, ಉಕ್ಕಿನ ತುದಿಯ ಬೂಟು, ಕಿವಿಗೆ ಮುಚ್ಚಳ, ಇವಿಲ್ಲದೆ ಆರಂಭಿಸಬೇಡಿ. ಸದ್ದು 100 ಡೆಸಿಬೆಲ್ ದಾಟುತ್ತದೆ. ಕಂಪನ ತಡೆಯುವ ರಬ್ಬರ್ ಇಲ್ಲದ ಹಳೆಯ ಮಾದರಿಗಳು ಬೆರಳಿನ ರಕ್ತಸಂಚಾರಕ್ಕೂ ನರಗಳಿಗೂ ಹಾನಿ ಮಾಡಬಲ್ಲವು. ಬೆರಳ ತುದಿ ಬಿಳಿಚಿ ಜೋಮು ಹಿಡಿಯತೊಡಗಿದರೆ ಆ ದಿನದ ಕೆಲಸ ಅಲ್ಲಿಗೆ ನಿಲ್ಲಿಸಿ. ರಬ್ಬರ್ ಇರುವ ಮಾದರಿಯಲ್ಲಿ ಅದು ಹರಿದಿದ್ದರೆ ಬದಲಿಸಿಯೇ ಬಳಸಿ.

ಎರಡೂ ತುದಿ ಆನಿಕೊಂಡ ದಿಮ್ಮಿಯ ಮೇಲ್ಭಾಗ ಒತ್ತಡದಲ್ಲಿರುತ್ತದೆ. ಮೇಲಿನಿಂದ ಮೂರರಲ್ಲಿ ಒಂದು ಪಾಲು ಕೊಯ್ದು, ಉಳಿದದ್ದನ್ನು ಕೆಳಗಿನಿಂದ ಕೊಯ್ದರೆ ಬಾರ್ ಸಿಕ್ಕಿಕೊಳ್ಳುವುದಿಲ್ಲ. ಒಂದು ತುದಿ ಗಾಳಿಯಲ್ಲಿ ಚಾಚಿಕೊಂಡಿದ್ದರೆ ಕ್ರಮ ತಿರುಗುಮುರುಗು. ಚೈನ್ ಒಂದೇ ಸಲ ಮಣ್ಣಿಗೆ ತಾಗಿದರೂ ಹರಿತ ಹೋಗುತ್ತದೆ, ಆದ್ದರಿಂದ ದಿಮ್ಮಿಯ ಕೆಳಗೆ ತುಂಡುಮರ ಕೊಟ್ಟು ಎತ್ತರಿಸಿಕೊಳ್ಳಿ.

ಕೆಲಸ ಮುಗಿದ ಮೇಲೆ ಚೈನನ್ನು ಸಡಿಲಿಸಿ. ಬಿಸಿಯಲ್ಲಿ ಬಿಗಿಸಿದ ಚೈನ್ ತಣಿದಾಗ ಕುಗ್ಗಿ ಶಾಫ್ಟಿನ ಬೇರಿಂಗನ್ನು ಎಳೆಯುತ್ತದೆ. ತಿಂಗಳುಗಟ್ಟಲೆ ಎತ್ತಿಡುವುದಾದರೆ ಟ್ಯಾಂಕ್ ಖಾಲಿ ಮಾಡಿ ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ, ಪ್ಲಗ್ ರಂಧ್ರದಿಂದ ನಾಲ್ಕು ಹನಿ ಆಯಿಲ್ ಬಿಟ್ಟು ಒಮ್ಮೆ ನಿಧಾನವಾಗಿ ಹಗ್ಗ ಎಳೆಯಿರಿ. ಆ ದಿನದ ಕಂಪ್ರೆಶನ್ ಅಂಕಿ, ಎಲ್ ಮತ್ತು ಎಚ್ ಸ್ಕ್ರೂ ಎಷ್ಟೆಷ್ಟು ಸುತ್ತು ತೆರೆದಿವೆ, ಸೀಲ್ ಬದಲಿಸಿದ ವರ್ಷ ಯಾವುದು ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ಹಿಡಿಕೆಗೆ ಕಟ್ಟಿಡಿ. ಮುಂದೆ ಅದನ್ನು ಮೂಲೆಯಿಂದ ಎತ್ತಿಕೊಳ್ಳುವವರು ನೀವೇ ಆಗಿರಬೇಕೆಂದಿಲ್ಲ.